ಕೈಬಿಟ್ಟುಹೋದ ಪೆನ್ಸಿಲಿನ ಹೆಸರು

ಜಪಾನಿನ ಶಾಲೆ ಮಕ್ಕಳು ಮೈಕ್ರೋಟಿಪ್ ಪೆನ್ಸಿಲಿಗೆ ‘ಶಾಪೆನ್’ ಅನ್ನುತ್ತಾರೆ. ಯಾವ ಕಂಪನಿಯ ವನಸ್ಪತಿ ಆದರೂ ನಮ್ಮಲ್ಲಿ ‘ಡಾಲ್ಡಾ’ ಆಗಿತ್ತಲ್ಲ, ಹಾಗೆ. ‘ಶಾರ್ಪ್ ಪೆನ್ಸಿಲ್’ ಅನ್ನುವುದನ್ನೇ ಮೊಟಕು ಮಾಡಿ ಶಾಪೆನ್ ಅಂತ ಕರೆದರು. ಟಿವಿ, ಕ್ಯಾಲ್ಕುಲೇಟರ್, ಮೈಕ್ರೋವೇವ್ ಒಲೆ ಮಾಡುವ ಶಾರ್ಪ್ ಕಂಪನಿಗೆ ಹೆಸರು ಬಂದದ್ದು ಇದೇ ಪೆನ್ಸಿಲಿನಿಂದ. ಆದರೆ ಅವರು ಆ ಪೆನ್ಸಿಲನ್ನು ಕಳೆದುಕೊಂಡು ನೂರು ವರ್ಷ ದಾಟಿದೆ. ಸ್ವಂತ ಇಷ್ಟದಿಂದ ಬಿಟ್ಟದ್ದೂ ಅಲ್ಲ, ಸಾಲಕ್ಕೆ ಕೊಟ್ಟು ಬಂದದ್ದು.

ಶಾರ್ಪ್ ಕಟ್ಟಿದ ತೊಕುಜಿ ಹಯಾಕಾವಾ ಕೆಲಸಗಾರರಿಗೆ ಒಂದು ಮಾತು ಹೇಳುತ್ತಿದ್ದರು: ಬೇರೆಯವರಿಗೆ ನಕಲು ಮಾಡಬೇಕು ಅನ್ನಿಸುವಂಥ ವಸ್ತು ಮಾಡಿ. ಕೇಳಲು ಸ್ವಲ್ಪ ಉಲ್ಟಾ ಅನ್ನಿಸುತ್ತದೆ. ತಾನು ಮಾಡಿದ್ದನ್ನು ಪಕ್ಕದವನು ನಕಲು ಹೊಡೆದರೆ ಯಾವ ವ್ಯಾಪಾರಿಗೆ ಖುಷಿ ಆಗುತ್ತದೆ? ಅವರ ಲೆಕ್ಕ ಬೇರೆ ಇತ್ತು. ನಕಲು ಬಂದರೆ ಪೈಪೋಟಿ ಬರುತ್ತದೆ, ಆಗ ನಾವು ಸುಮ್ನೆ ಕೂರುವ ಹಾಗಿಲ್ಲ, ಮುಂದಿನದಕ್ಕೆ ಕೈ ಹಾಕಲೇಬೇಕು. ಈ ಕಂಪನಿ ಎದ್ದದ್ದು, ಬಿದ್ದದ್ದು ಎರಡನ್ನೂ ಈ ಒಂದು ಮಾತನ್ನು ಹಿಡಿದುಕೊಂಡೇ ಅರ್ಥ ಮಾಡಿಕೊಳ್ಳಬಹುದು ಅಂತ ನನಗೆ ಅನ್ನಿಸುತ್ತದೆ.

ಬೆಂಕಿಪೊಟ್ಟಣ ಅಂಟಿಸುತ್ತಿದ್ದ ಹುಡುಗ

ತೊಕುಜಿ ಹುಟ್ಟಿದ್ದು 1893ರ ನವೆಂಬರಿನಲ್ಲಿ, ಟೋಕಿಯೋದಲ್ಲಿ. ಎರಡು ವರ್ಷ ತುಂಬುವ ಮೊದಲೇ ಅವನನ್ನು ಬೇರೆ ಮನೆಗೆ ದತ್ತು ಕೊಟ್ಟರು. ಸಾಕುತಾಯಿ ಬೇಗ ತೀರಿಕೊಂಡರು. ಆ ಮನೆಗೆ ಬಂದ ಎರಡನೆಯ ಹೆಂಡತಿ ಹುಡುಗನನ್ನು ಚೆನ್ನಾಗಿ ನೋಡಿಕೊಳ್ಳಲಿಲ್ಲ. ಎರಡನೇ ತರಗತಿಗೇ ಶಾಲೆ ಬಿಡಿಸಿ, ಬೆಂಕಿಪೊಟ್ಟಣ ಅಂಟಿಸುವ ಕೆಲಸಕ್ಕೆ ಕೂರಿಸಿದರು. ಮಧ್ಯರಾತ್ರಿವರೆಗೂ ಅದೇ ಕೆಲಸ.

ಹುಡುಗನ ಪಾಡು ನೋಡಲಾರದೆ ನೆರೆಯ ಒಬ್ಬ ಹೆಂಗಸು ಮುಂದೆ ಬಂದರು. ಇನೌಎ ಅನ್ನುವ ಆಕೆಗೆ ಕಣ್ಣು ಕಾಣುತ್ತಿರಲಿಲ್ಲ. 1901ರಲ್ಲಿ ಆಕೆ ಹುಡುಗನ ಕೈ ಹಿಡಿದುಕೊಂಡು ಹೋಗಿ, ಲೋಹದ ಕುಸುರಿ ಕೆಲಸ ಮಾಡುವವರೊಬ್ಬರ ಹತ್ತಿರ ಕೆಲಸ ಕಲಿಯಲು ಸೇರಿಸಿದರು. ಅವನಿಗೆ ಆಗ ಎಂಟು ವರ್ಷವೂ ತುಂಬಿರಲಿಲ್ಲ. ಆ ಕೈಯ ಬಿಸುಪನ್ನು ಹಯಾಕಾವಾ ಮುದುಕರಾದ ಮೇಲೂ ನೆನೆಯುತ್ತಿದ್ದರು. ಅದು ಬರೀ ಬಾಯಿಮಾತಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ, ಕಣ್ಣು ಕಳೆದುಕೊಂಡ ಸೈನಿಕರಿಗೆ ಕೆಲಸ ಕೊಡಲು ಒಂದು ವರ್ಕ್‌ಶಾಪ್ ತೆರೆದರು. 1950ರಲ್ಲಿ ಅದು ಕಣ್ಣು ಕಾಣದವರೇ ನಡೆಸುವ ಬೇರೆ ಸಂಸ್ಥೆಯಾಯಿತು.

ಕುಲುಮೆ, ಅಚ್ಚು, ಅರ, ಪ್ರೆಸ್ಸು. ಹತ್ತು ವರ್ಷಕ್ಕೂ ಜಾಸ್ತಿ ಇದರಲ್ಲೇ ಕಳೆಯಿತು. ಇಷ್ಟರಲ್ಲಿ ಒಂದು ಸಲ ಸಿನಿಮಾ ನೋಡುವಾಗ ಪರದೆಯ ಮೇಲಿದ್ದವನ ಬೆಲ್ಟಿನ ತುದಿ ಜೋತುಬಿದ್ದದ್ದು ಕಣ್ಣಿಗೆ ಬಿತ್ತು. ಕತೆ ಬಿಟ್ಟು ಬೆಲ್ಟ್ ನೋಡುವ ಜನ ಎಲ್ಲ ಕಡೆಯೂ ಇರುತ್ತಾರೆ! ತೂತು ಇಲ್ಲದೆ, ಬೇಕಾದಷ್ಟಕ್ಕೆ ಎಳೆದು ಬಿಗಿ ಮಾಡುವ ಬಕಲ್ ಒಂದನ್ನು ಅವರು ಮಾಡಿದರು. ತನ್ನ ಹೆಸರಿನ ಮೊದಲ ಭಾಗ ಸೇರಿಸಿ ‘ತೊಕುಬಿಜೋ’ ಅಂತ ಕರೆದರು. 33 ಗ್ರೋಸ್‌ಗೆ, ಅಂದರೆ 4,752 ಬಕಲ್‌ಗಳಿಗೆ ಆರ್ಡರ್ ಬಂತು. ಅದನ್ನು ನಂಬಿಕೊಂಡು 1912ರ ಸೆಪ್ಟೆಂಬರ್ 15ರಂದು ಸ್ವಂತ ಅಂಗಡಿ ಇಟ್ಟರು. ಹೂಡಿದ್ದು ಸುಮಾರು 50 ಯೆನ್. ಅದರಲ್ಲಿ 40 ಯೆನ್ ಸಾಲ.

ಪೆನ್ಸಿಲು ಬಂತು, ಪೆನ್ಸಿಲು ಹೋಯಿತು

ತಿರುಗಿಸಿದರೆ ಲೆಡ್ಡು ಹೊರಬರುವ ಪೆನ್ಸಿಲು ಆಗಲೂ ಇತ್ತು. ಆದರೆ ದಪ್ಪ, ಬೇಗ ಮುರಿಯುತ್ತಿತ್ತು, ಆಟದ ಸಾಮಾನಿನ ಹಾಗೆ. ಹಯಾಕಾವಾ ಅದರ ಒಳಗಿನ ಭಾಗವನ್ನೇ ಹೊಸದಾಗಿ ಮಾಡಿದರು. ಒಂದೇ ಹಿತ್ತಾಳೆ ತುಂಡಿನಿಂದ ಒಳಗಿನ ತಿರುಪಿನ ಭಾಗ, ಹೊರಗೆ ಲೋಹದ ಗಟ್ಟಿ ಕೊಳವೆ. ಇದು 1915ರ ಮಾತು. ಜಪಾನಿನ ಅಂಗಡಿಯವರು ಮೂಗು ಮುರಿದರು. ಚಳಿಗಾಲದಲ್ಲಿ ಲೋಹ ಹಿಡಿದರೆ ಕೈ ತಣ್ಣಗಾಗುತ್ತದೆ, ಕಿಮೋನೋಗೆ ಇದು ಹೊಂದುವುದಿಲ್ಲ ಅಂದರು. ಅಷ್ಟರಲ್ಲಿ ಮೊದಲನೇ ಮಹಾಯುದ್ಧದಿಂದ ಜರ್ಮನಿಯ ಸಾಮಾನು ಮಾರುಕಟ್ಟೆಗೆ ಬರುವುದು ನಿಂತಿತ್ತು. ಯೋಕೊಹಾಮಾದ ವ್ಯಾಪಾರಿಗಳ ಮೂಲಕ ಯೂರೋಪು, ಅಮೆರಿಕದಿಂದ ಆರ್ಡರ್ ಬರತೊಡಗಿತು. ವಿದೇಶದವರು ಕೊಂಡ ಮೇಲೆ ಊರಿನವರಿಗೂ ಅದು ಚೆಂದ ಕಂಡಿತು. ಈ ಕತೆ ನಮಗೆ ಹೊಸದೇನಲ್ಲ, ಅಲ್ವಾ? ಮುಂದಿನ ವರ್ಷ ಇನ್ನೂ ತೆಳುವಾದ ಲೆಡ್ಡು ಹಾಕಿ, ‘ಎವರ್ ರೆಡಿ ಶಾರ್ಪ್ ಪೆನ್ಸಿಲ್’ ಅಂತ ಹೆಸರಿಟ್ಟರು.

1923ರ ಹೊತ್ತಿಗೆ ಅಣ್ಣನ ಜೊತೆ ನಡೆಸುತ್ತಿದ್ದ ಕಾರ್ಖಾನೆಯಲ್ಲಿ 200 ಜನ ಕೆಲಸ ಮಾಡುತ್ತಿದ್ದರು.

ಸೆಪ್ಟೆಂಬರ್ 1, ಬೆಳಗ್ಗೆ 11 ಗಂಟೆ 58 ನಿಮಿಷ. ಕಾಂಟೋ ಭೂಕಂಪ. ಮಧ್ಯಾಹ್ನದ ಅಡುಗೆಯ ಹೊತ್ತಾದ್ದರಿಂದ ಮನೆ ಮನೆಯಲ್ಲೂ ಇದ್ದಿಲ ಒಲೆ ಉರಿಯುತ್ತಿತ್ತು. ಮನೆಗಳೋ ಮರದವು. ನಡುಗಿದ್ದಕ್ಕಿಂತ ಉರಿದದ್ದರಿಂದ ಸತ್ತವರೇ ಜಾಸ್ತಿ. ಒಟ್ಟು ಒಂದು ಲಕ್ಷಕ್ಕೂ ಹೆಚ್ಚು ಜನ ಹೋದರು. ಹಯಾಕಾವಾ ಕಾರ್ಖಾನೆ ಬೂದಿಯಾಯಿತು. ಹೆಂಡತಿ ಮತ್ತು ಇಬ್ಬರು ಮಕ್ಕಳನ್ನೂ ಅವರು ಕಳೆದುಕೊಂಡರು. ಆಗ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲ.

ಅದರ ಮೇಲೆ ಸಾಲ. ಪೆನ್ಸಿಲನ್ನು ಮಾರಿಕೊಡುತ್ತಿದ್ದ ಒಸಾಕಾದ ಕಂಪನಿಯೊಂದು ತಾನು ಕೊಟ್ಟಿದ್ದ 20,000 ಯೆನ್ ವಾಪಸ್ ಕೇಳಿತು. ಇವರ ಹತ್ತಿರ ಉಳಿದಿದ್ದದ್ದು ಪೇಟೆಂಟುಗಳು ಮತ್ತು ಕೈಯಲ್ಲಿದ್ದ ಕೆಲಸ. ಎರಡನ್ನೂ ಕೊಟ್ಟರು. ಪೆನ್ಸಿಲಿನ ಹಕ್ಕು ಬರೆದುಕೊಟ್ಟು, ಅದನ್ನು ಮಾಡುವುದು ಹೇಗೆ ಅಂತ ಕಲಿಸಿಕೊಡಲು ಆ ವರ್ಷದ ಡಿಸೆಂಬರಿನಲ್ಲಿ ತನ್ನ ಕೆಲವು ಕೆಲಸಗಾರರ ಜೊತೆ ಒಸಾಕಾಗೆ ಹೋದರು. ತಾನೇ ಹುಟ್ಟಿಸಿದ ವಸ್ತುವಿಗೆ ಬೇರೆಯವರ ಕಾರ್ಖಾನೆಯಲ್ಲಿ ಮೇಷ್ಟ್ರಾಗಿ ನಿಂತರು. ಆ ಕರಾರು ಮುಗಿಯಿತು. 1924ರ ಸೆಪ್ಟೆಂಬರ್ 1ರಂದು, ಭೂಕಂಪವಾಗಿ ಸರಿಯಾಗಿ ಒಂದು ವರ್ಷಕ್ಕೆ, ಒಸಾಕಾದ ತನಾಬೆಯಲ್ಲಿ ‘ಹಯಾಕಾವಾ ಲೋಹ ಕಾರ್ಖಾನೆ’ ಅಂತ ಮತ್ತೆ ಬೋರ್ಡು ಹಾಕಿದರು.

ಕರೆಂಟು ಬೇಡದ ರೇಡಿಯೋ

ಅದೇ ವರ್ಷದ ಕೊನೆಗೆ, ಒಸಾಕಾದ ಶಿನ್ಸಾಯ್‌ಬಾಶಿ ಪೇಟೆಯ ಒಂದು ಗಡಿಯಾರದ ಅಂಗಡಿಗೆ ಅಮೆರಿಕದಿಂದ ಎರಡು ಕ್ರಿಸ್ಟಲ್ ರೇಡಿಯೋ ಬಂದಿದ್ದವು. ಹಯಾಕಾವಾ ಒಂದನ್ನು 7 ಯೆನ್ 50 ಸೆನ್ ಕೊಟ್ಟು ತಂದು, ಬಿಚ್ಚಿ ಹರಡಿಕೊಂಡು ಕೂತರು. ಜಪಾನಿನಲ್ಲಿ ಆಗಿನ್ನೂ ರೇಡಿಯೋ ಪ್ರಸಾರವೇ ಶುರುವಾಗಿರಲಿಲ್ಲ. ಅವರ ಕಾರ್ಖಾನೆಯಲ್ಲಿ ವಿದ್ಯುತ್ತಿನ ಗಂಧಗಾಳಿ ಇದ್ದವರು ಒಬ್ಬರೂ ಇರಲಿಲ್ಲ.

ಕ್ರಿಸ್ಟಲ್ ರೇಡಿಯೋ ಬಹಳ ಸರಳ ಯಂತ್ರ. ಅದಕ್ಕೆ ಬ್ಯಾಟರಿ ಬೇಡ, ಕರೆಂಟೂ ಬೇಡ. ಆಂಟೆನಾ ತಂತಿಗೆ ಬಡಿಯುವ ರೇಡಿಯೋ ಅಲೆಯಲ್ಲೇ ಚೂರು ಶಕ್ತಿ ಇರುತ್ತದೆ. ಆದರೆ ಆ ಅಲೆ ಹಿಂದಕ್ಕೂ ಮುಂದಕ್ಕೂ ಒಂದೇ ಸಮ ಓಲಾಡುವುದರಿಂದ ನೇರವಾಗಿ ಶಬ್ದ ಕೇಳಿಸುವುದಿಲ್ಲ. ಗೆಲೀನಾ ಅನ್ನುವ ಹರಳಿನ ಮೇಲೆ ಸೂಜಿಯಂಥ ತಂತಿ ತಾಗಿಸಿದರೆ, ಆ ಜಾಗ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಗೇಟು ಕಾಯುವವನ ಹಾಗೆ, ಹೋಗುವವರನ್ನು ಬಿಟ್ಟು ಬರುವವರನ್ನು ತಡೆಯುತ್ತದೆ. ಆಗ ಅಲೆಯಲ್ಲಿ ಅಡಗಿದ್ದ ಮಾತು, ಹಾಡು ಬೇರೆಯಾಗಿ ಕಿವಿಗೆ ಹಾಕಿಕೊಂಡ ಹೆಡ್‌ಫೋನಿಗೆ ಬರುತ್ತದೆ.

ಸಿದ್ಧಾಂತ ಗೊತ್ತಿಲ್ಲದಿದ್ದರೇನು, ಒಳಗಿದ್ದ ಬಿಡಿಭಾಗ ಎಲ್ಲವೂ ಲೋಹದವು. ಅದು ಇವರಿಗೆ ಬಾಯಿಪಾಠದಷ್ಟು ಸಲೀಸು. 1925ರ ಏಪ್ರಿಲಿನಲ್ಲಿ ಅವರ ಸೆಟ್ಟು ತಯಾರಾಯಿತು. ಜೂನ್ 1ರಂದು ಒಸಾಕಾದಲ್ಲಿ ಪ್ರಸಾರ ಶುರುವಾಯಿತು. ಆಮದಿನ ರೇಡಿಯೋಗೆ ಕೊಟ್ಟದ್ದರ ಅರ್ಧಕ್ಕಿಂತ ಕಡಿಮೆ, 3 ಯೆನ್ 50 ಸೆನ್‌ಗೆ ಮಾರಿದರು. ಮುಗಿಬಿದ್ದು ಕೊಂಡರು. ಅದಕ್ಕೆ ಇಟ್ಟ ಹೆಸರು ‘ಶಾರ್ಪ್’. ಪೆನ್ಸಿಲು ಹೋಗಿತ್ತು, ಅದರ ಹೆಸರನ್ನಾದರೂ ಇಟ್ಟುಕೊಂಡರು.

ಆಮೇಲಿನ ಕಾಲು ಶತಮಾನವನ್ನು ಬೇಗ ದಾಟಿಬಿಡೋಣ. ವಾಲ್ವಿನ ರೇಡಿಯೋ ಬಂತು, ಯುದ್ಧ ಬಂತು, ಯುದ್ಧದ ನಂತರದ ಕಷ್ಟ ಬಂತು. 1953ರ ಜನವರಿಯಲ್ಲಿ ಜಪಾನಿನಲ್ಲೇ ತಯಾರಾದ ಮೊದಲ ಟಿವಿಯನ್ನು ಮಾರಾಟಕ್ಕೆ ಇಟ್ಟದ್ದು ಇವರೇ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಟಿವಿ ಪ್ರಸಾರ ಶುರುವಾದದ್ದು ಮರುತಿಂಗಳು. ಬೆಲೆ 1,75,000 ಯೆನ್. ಹೊಸದಾಗಿ ಸರ್ಕಾರಿ ಕೆಲಸಕ್ಕೆ ಸೇರಿದವನ ತಿಂಗಳ ಸಂಬಳ ಆಗ 5,400 ಯೆನ್. ಎರಡೂವರೆ ವರ್ಷದ ಸಂಬಳ ಇಟ್ಟರೂ ಟಿವಿ ಬರುತ್ತಿರಲಿಲ್ಲ. 1962ರಲ್ಲಿ ಮೈಕ್ರೋವೇವ್ ಒಲೆ, 1963ರಲ್ಲಿ ಸೌರಕೋಶ. ಸೂರ್ಯನ ಬಿಸಿಲಿನ ಬಗ್ಗೆ ಹಯಾಕಾವಾ ಅವರಿಗೆ ಒಂಥರಾ ಹುಚ್ಚೇ ಇತ್ತು. ಪುಕ್ಕಟೆ ಸಿಗುವ ಬಿಸಿಲಿನಿಂದ ಕರೆಂಟು ತೆಗೆಯುವಂತಾದರೆ ಜನಕ್ಕೆ ಎಷ್ಟು ಉಪಕಾರ ಅಂತ ಬರೆದುಕೊಂಡಿದ್ದಾರೆ.

25 ಕಿಲೋದಿಂದ ಜೇಬಿಗೆ

1964ರಲ್ಲಿ ಶಾರ್ಪ್ ಒಂದು ಕ್ಯಾಲ್ಕುಲೇಟರ್ ಮಾಡಿತು. ಹೆಸರು ಸಿಎಸ್-10ಎ. ತೂಕ 25 ಕಿಲೋ, ಅಂದರೆ ಒಂದು ಅಕ್ಕಿ ಮೂಟೆ. ಬೆಲೆ 5,35,000 ಯೆನ್, ಆ ದುಡ್ಡಿಗೆ ಒಂದು ಕಾರು ಬರುತ್ತಿತ್ತು. ಒಳಗೆ 530 ಟ್ರಾನ್ಸಿಸ್ಟರ್, 2,300 ಡಯೋಡ್. ಎಲ್ಲವನ್ನೂ ಕೈಯಲ್ಲಿ ಬೆಸುಗೆ ಹಾಕಬೇಕು.

ಇದನ್ನು ಕಿರಿದು ಮಾಡುವುದು ಹೇಗೆ? ಟ್ರಾನ್ಸಿಸ್ಟರುಗಳನ್ನು ಒಂದೊಂದಾಗಿ ಜೋಡಿಸುವ ಬದಲು, ನೂರಾರನ್ನು ಒಂದೇ ಸಿಲಿಕಾನ್ ಚೂರಿನ ಮೇಲೆ ಮೂಡಿಸಬೇಕು. ಈ ಹಟ ಹಿಡಿದವರು ತದಾಶಿ ಸಸಾಕಿ ಅನ್ನುವ ಎಂಜಿನಿಯರು. ಓಡಾಟದ ರಭಸಕ್ಕೆ ‘ರಾಕೆಟ್ ಸಸಾಕಿ’ ಅಂತಲೇ ಹೆಸರಾದವರು. ಅಮೆರಿಕದ ರಾಕ್‌ವೆಲ್ ಕಂಪನಿಯಿಂದ ಚಿಪ್ ಮಾಡಿಸಿದರು. 1969ರ ಹೊತ್ತಿಗೆ ಇಡೀ ಕ್ಯಾಲ್ಕುಲೇಟರ್ ನಾಲ್ಕು ಚಿಪ್‌ಗೆ ಇಳಿಯಿತು. ತೂಕ 1.4 ಕಿಲೋ, ಬೆಲೆ 99,800 ಯೆನ್.

ಇಷ್ಟಾದ ಮೇಲೆ ನಕಲು ಬಾರದೆ ಇರುತ್ತದೆಯೇ? ಹತ್ತಾರು ಕಂಪನಿಗಳು ಕ್ಯಾಲ್ಕುಲೇಟರಿಗೆ ಇಳಿದವು. 1972ರಲ್ಲಿ ಕ್ಯಾಸಿಯೋ 12,800 ಯೆನ್‌ಗೇ ಒಂದನ್ನು ಬಿಟ್ಟಿತು. ಬೆಲೆ ಇಳಿಸುವ ಜಗಳದಲ್ಲಿ ಎಷ್ಟೋ ಕಂಪನಿಗಳು ಮುಳುಗಿದವು. ಶಾರ್ಪ್ ಎದುರು ಎರಡೇ ದಾರಿ ಇದ್ದವು. ಇನ್ನೂ ಅಗ್ಗ ಮಾಡುವುದು, ಇಲ್ಲವೇ ಬೇರೆಯದೇ ಏನನ್ನಾದರೂ ಮಾಡುವುದು. ಹಯಾಕಾವಾ ಪಾಠ ನೆನಪಿದ್ದವರು ಎರಡನೆಯದನ್ನು ಹಿಡಿದರು.

ಆಗಿನ ಕ್ಯಾಲ್ಕುಲೇಟರುಗಳಲ್ಲಿ ಅಂಕೆಗಳು ಹೊಳೆಯುತ್ತಿದ್ದವು. ಹೊಳೆಯುವುದಕ್ಕೆ ಬ್ಯಾಟರಿ ಬೇಗ ಖಾಲಿಯಾಗುತ್ತಿತ್ತು. ತಾನೇ ಹೊಳೆಯದೆ, ಸುತ್ತಲಿನ ಬೆಳಕಿನಲ್ಲೇ ಕಾಣುವ ಅಂಕೆ ಸಿಕ್ಕರೆ? ತೊಮಿಯೋ ವಾದಾ ಅನ್ನುವ ಎಂಜಿನಿಯರು ಟಿವಿಯಲ್ಲಿ ಒಂದು ಸಾಕ್ಷ್ಯಚಿತ್ರ ನೋಡುವಾಗ ಅಮೆರಿಕದ ಆರ್‌ಸಿಎ ಕಂಪನಿಯ ದ್ರವ ಹರಳಿನ ಪ್ರಯೋಗ ಕಂಡರು. ಕ್ಯಾಲ್ಕುಲೇಟರಿಗೆ ಇದನ್ನು ಮಾಡಿಕೊಡಿ ಅಂದರೆ ಆರ್‌ಸಿಎ ಒಪ್ಪಲಿಲ್ಲ. ಸರಿ, ನಾವೇ ಮಾಡೋಣ ಅಂತ ಹೊರಟರು.

ದ್ರವ ಹರಳು ಅಂದರೆ ಏನು?

1888ರಲ್ಲಿ ರೈನಿಟ್ಸರ್ ಅನ್ನುವ ಆಸ್ಟ್ರಿಯಾದ ಸಸ್ಯವಿಜ್ಞಾನಿ ಒಂದು ವಸ್ತುವನ್ನು ಕಾಯಿಸುವಾಗ ತಬ್ಬಿಬ್ಬಾದರು. ಅದು ಎರಡು ಸಲ ಕರಗಿತು! ಮೊದಲು 145 ಡಿಗ್ರಿ ಹತ್ತಿರ ಗಟ್ಟಿ ಹೋಗಿ ಮಬ್ಬು ದ್ರವವಾಯಿತು. ಇನ್ನೂ ಕಾಯಿಸಿದರೆ, 178 ಡಿಗ್ರಿ ಹತ್ತಿರ ತಿಳಿಯಾಯಿತು. ನಡುವಿನ ಆ ಮಬ್ಬು ಸ್ಥಿತಿಯೇ ದ್ರವ ಹರಳು. ನೀರಿನ ಹಾಗೆ ಹರಿಯುತ್ತದೆ, ಆದರೆ ಅದರ ಕಣಗಳು ಗಟ್ಟಿ ಹರಳಿನಲ್ಲಿ ಇರುವ ಹಾಗೆ ಶಿಸ್ತಾಗಿರುತ್ತವೆ. ನೀರಿನ ಮೇಲೆ ಬೆಂಕಿಕಡ್ಡಿಗಳು ಒಂದೇ ಕಡೆ ಮುಖ ಮಾಡಿ ತೇಲುತ್ತಿವೆ ಅಂದುಕೊಳ್ಳಿ. ತೇಲಾಡುತ್ತವೆ, ದಿಕ್ಕು ಮಾತ್ರ ಬಿಡುವುದಿಲ್ಲ.

ಈ ಕಡ್ಡಿಗಳಿಗೆ ಸಣ್ಣ ವೋಲ್ಟೇಜ್ ಕೊಟ್ಟರೆ ಅವು ಅಲುಗಾಡುತ್ತವೆ, ದಿಕ್ಕು ಬದಲಿಸುತ್ತವೆ. ಶಾರ್ಪ್ ಮೊದಲು ಬಳಸಿದ ವಿಧಾನ ಇನ್ನೂ ಸುಲಭ. ವೋಲ್ಟೇಜ್ ಇಲ್ಲದಾಗ ಪದರ ತಿಳಿ. ಕೊಟ್ಟ ಕೂಡಲೇ ಒಳಗೆಲ್ಲ ಕದಡಿ, ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗುತ್ತದೆ. ಅಂಕೆಯ ಆಕಾರದಲ್ಲಿ ವೋಲ್ಟೇಜ್ ಕೊಟ್ಟರೆ ಅಂಕೆಯ ಆಕಾರದಲ್ಲೇ ಕದಡುತ್ತದೆ. 1973ರಲ್ಲಿ ಬಂದ ಇಎಲ್-805 ಹೀಗೆ ಕೆಲಸ ಮಾಡಿತು. ದ್ರವ ಹರಳಿನ ಪರದೆ, ಅಂದರೆ ಎಲ್‌ಸಿಡಿ, ಹಾಕಿ ಮಾರಿದ ಜಗತ್ತಿನ ಮೊದಮೊದಲ ಜೇಬಿನ ಕ್ಯಾಲ್ಕುಲೇಟರುಗಳಲ್ಲಿ ಅದೂ ಒಂದು. ದಪ್ಪ 2.1 ಸೆಂಟಿಮೀಟರ್. ಒಂದೇ ಪೆನ್‌ಸೆಲ್ಲಿನಲ್ಲಿ 100 ಗಂಟೆ ಓಡುತ್ತಿತ್ತು. ಬೆಲೆ 26,800 ಯೆನ್, ಕ್ಯಾಸಿಯೋದ್ದಕ್ಕಿಂತ ಎರಡರಷ್ಟು. ಆದರೂ ಹೋಯಿತು.

ಟಿವಿಗೆ ಬರುವ ಹೊತ್ತಿಗೆ ವಿಧಾನ ಬದಲಾಗಿತ್ತು. ಹಗ್ಗದ ಒಂದು ತುದಿಯನ್ನು ಕಿಟಕಿಯ ಸರಳುಗಳ ನಡುವೆ ತೂರಿಸಿ, ಈ ಕಡೆಯಿಂದ ಅಲ್ಲಾಡಿಸಿ. ಸರಳು ನಿಂತಿದ್ದರೆ, ಮೇಲೆ ಕೆಳಗೆ ಅಲ್ಲಾಡುವ ಅಲೆ ಆಚೆ ಹೋಗುತ್ತದೆ. ಎಡಕ್ಕೆ ಬಲಕ್ಕೆ ಅಲ್ಲಾಡಿಸಿದ್ದು ಸರಳಿಗೆ ಬಡಿದು ನಿಲ್ಲುತ್ತದೆ. ಬೆಳಕಿಗೂ ಹೀಗೆ ಸೋಸುವ ಹಾಳೆಗಳಿವೆ. ಒಂದು ನಿಂತ ಸರಳಿನ ಹಾಳೆ, ಅದರ ಮುಂದೆ ಮಲಗಿದ ಸರಳಿನ ಹಾಳೆ ಇಟ್ಟರೆ ಬೆಳಕು ದಾಟುವುದಿಲ್ಲ. ನಡುವೆ ದ್ರವ ಹರಳಿನ ಕಣಗಳನ್ನು ಸುರುಳಿ ಮೆಟ್ಟಿಲಿನ ಹಾಗೆ ಜೋಡಿಸಿದರೆ, ಬೆಳಕಿನ ಅಲೆ ಅದರ ಜೊತೆ ತಿರುಗಿಕೊಂಡು ಎರಡನೇ ಹಾಳೆಯನ್ನೂ ದಾಟುತ್ತದೆ. ವೋಲ್ಟೇಜ್ ಕೊಟ್ಟರೆ ಮೆಟ್ಟಿಲು ಕುಸಿದು ಕಣಗಳು ನೆಟ್ಟಗೆ ನಿಲ್ಲುತ್ತವೆ, ಕತ್ತಲೆ. ಇಂಥ ಲಕ್ಷಗಟ್ಟಲೆ ಚುಕ್ಕಿಗಳಿಗೆ ಕೆಂಪು, ಹಸಿರು, ನೀಲಿ ಸೋಸುಗಳನ್ನು ಹಾಕಿ, ಒಂದೊಂದರ ಹಿಂದೆಯೂ ಒಂದು ಪುಟ್ಟ ಟ್ರಾನ್ಸಿಸ್ಟರ್ ಕೂರಿಸಿದರೆ ಬಣ್ಣದ ಟಿವಿ. 1988ರಲ್ಲಿ ಶಾರ್ಪ್ 14 ಇಂಚಿನ ಇಂಥ ಪರದೆ ತೋರಿಸಿದಾಗ ಉಳಿದವರು ಕಣ್ಣು ಬಿಟ್ಟು ನೋಡಿದರು.

ಇಲ್ಲಿ ನಮ್ಮ ಕಡೆಯ ಒಂದು ಎಳೆಯೂ ಸೇರುತ್ತದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸಿ, ಆಮೇಲೆ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ದ್ರವ ಹರಳಿನ ಪ್ರಯೋಗಾಲಯ ಕಟ್ಟಿದ ಎಸ್. ಚಂದ್ರಶೇಖರ್ ಮತ್ತು ಸಂಗಡಿಗರು 1977ರಲ್ಲಿ ಹೊಸ ಬಗೆಯೊಂದನ್ನು ಕಂಡುಹಿಡಿದರು. ಅದುವರೆಗೆ ದ್ರವ ಹರಳಿನ ಕಣ ಅಂದರೆ ಕಡ್ಡಿ ಆಕಾರ. ಇವರು ಕಂಡದ್ದು ಬಿಲ್ಲೆ ಆಕಾರದ ಕಣಗಳು, ನಾಣ್ಯ ಪೇರಿಸಿದ ಹಾಗೆ ಕಂಬಗಳಾಗಿ ನಿಲ್ಲುವಂಥವು. ಹಳೆಯ ಎಲ್‌ಸಿಡಿ ಪರದೆಗಳನ್ನು ಪಕ್ಕದಿಂದ ನೋಡಿದರೆ ಬಣ್ಣ ಕೆಡುತ್ತಿತ್ತು, ನೆನಪಿದೆಯಾ? 1990ರ ದಶಕದಲ್ಲಿ ಜಪಾನಿನ ಫ್ಯೂಜಿಫಿಲ್ಮ್ ಅದನ್ನು ಸರಿಮಾಡಲು ತಯಾರಿಸಿದ ತೆಳು ಹಾಳೆಯಲ್ಲಿ ಇದ್ದದ್ದು ಈ ಬಿಲ್ಲೆ ಜಾತಿಯ ಕಣಗಳೇ.

ಬಿಟ್ಟು ಹೋಗಲಾಗದ ಕಾರ್ಖಾನೆ

1970ರಲ್ಲಿ ಕಂಪನಿಯ ಹೆಸರು ‘ಶಾರ್ಪ್’ ಅಂತಲೇ ಆಯಿತು. ಆ ವರ್ಷ ಒಸಾಕಾ ಹತ್ತಿರದ ಸೆನ್ರಿಯಲ್ಲಿ ದೊಡ್ಡ ವಿಶ್ವ ಮೇಳ. ಕಂಪನಿಗಳೆಲ್ಲ ಅಲ್ಲಿ ಮಂಟಪ ಕಟ್ಟಲು ನಾ ಮುಂದು ತಾ ಮುಂದು ಅಂದವು. ಶಾರ್ಪ್ ಹೋಗಲಿಲ್ಲ. ಆರು ತಿಂಗಳಿಗೆ ಕೆಡವುವ ಕಟ್ಟಡಕ್ಕೆ ಸುರಿಯುವ ದುಡ್ಡನ್ನು ನಾರಾ ಪ್ರಾಂತ್ಯದ ತೆನ್ರಿಯಲ್ಲಿ ಪ್ರಯೋಗಾಲಯ ಮತ್ತು ಚಿಪ್ ಕಾರ್ಖಾನೆಗೆ ಹಾಕಿತು. ‘ಸೆನ್ರಿಗಿಂತ ತೆನ್ರಿ’ ಅನ್ನುವ ಪ್ರಾಸದ ಮಾತು ಆಗ ಹುಟ್ಟಿತು. ಕಂಪನಿ ಮಾಡಿದ ಅತಿ ಜಾಣ ಖರ್ಚು ಅದೇ ಇರಬೇಕು. ಹಯಾಕಾವಾ 1980ರ ಜೂನ್ 24ರಂದು, 86ನೇ ವಯಸ್ಸಿನಲ್ಲಿ ತೀರಿಕೊಂಡರು.

1998ರಲ್ಲಿ ಅಧ್ಯಕ್ಷರಾದ ಕತ್ಸುಹಿಕೋ ಮಚಿದಾ, 2005ರೊಳಗೆ ಜಪಾನಿನಲ್ಲಿ ಮಾರುವ ನಮ್ಮ ಟಿವಿಗಳೆಲ್ಲ ಎಲ್‌ಸಿಡಿ ಆಗುತ್ತವೆ ಅಂದರು. ಹಾಸ್ಯ ಅಂದುಕೊಂಡವರೇ ಹೆಚ್ಚು. 2001ರಲ್ಲಿ ಅಕ್ವೋಸ್ ಟಿವಿ ಬಂತು. 2004ರಲ್ಲಿ ಮಿಎ ಪ್ರಾಂತ್ಯದ ಕಮೆಯಾಮಾದಲ್ಲಿ ಪರದೆ ಮತ್ತು ಟಿವಿ ಎರಡನ್ನೂ ಮಾಡುವ ಕಾರ್ಖಾನೆ ಶುರುವಾಯಿತು. ಊರಿನ ಹೆಸರನ್ನೇ ಟಿವಿ ಮೇಲೆ ಅಂಟಿಸಿ ‘ಕಮೆಯಾಮಾ ಮಾಡೆಲ್’ ಅಂತ ಮಾರಿದರು. ಒಳಗೆ ಏನು ನಡೆಯುತ್ತದೆ ಅನ್ನುವುದು ಗುಟ್ಟು. ಹೊರಗಿನವರಿಗೆ ಒಂದು ಯಂತ್ರವೂ ಕಾಣಬಾರದು.

ನನ್ನ ಲೆಕ್ಕದಲ್ಲಿ ಕಂಪನಿ ದಾರಿ ತಪ್ಪಿದ್ದು ಇಲ್ಲೇ. ನಕಲು ಮಾಡಲಿ ಬಿಡಿ, ಅಷ್ಟರಲ್ಲಿ ನಾವು ಮುಂದೆ ಹೋಗಿರುತ್ತೇವೆ ಅನ್ನುತ್ತಿದ್ದ ಕಂಪನಿ, ನಕಲು ಆಗದಂತೆ ಬಾಗಿಲು ಹಾಕಿಕೊಂಡು ಅಲ್ಲೇ ಕೂತಿತು. ಪರದೆ ಮಾಡುವ ಯಂತ್ರಗಳು ದುಡ್ಡು ಕೊಟ್ಟವರಿಗೆಲ್ಲ ಸಿಗುತ್ತಿದ್ದವು. ಕೊರಿಯಾ, ತೈವಾನ್, ಆಮೇಲೆ ಚೀನಾ ಇನ್ನೂ ದೊಡ್ಡ ಕಾರ್ಖಾನೆ ಕಟ್ಟಿದವು.

ಗಾತ್ರ ಯಾಕೆ ಅಷ್ಟು ಮುಖ್ಯ? ಶಂಕರಪೋಳಿ ಮಾಡುವವರಿಗೆ ಇದು ಗೊತ್ತು. ಹಾಳೆ ದೊಡ್ಡದಾಗಿ ಲಟ್ಟಿಸಿದಷ್ಟೂ ತುಂಡು ಜಾಸ್ತಿ, ಅಂಚಿನಲ್ಲಿ ದಂಡ ಕಡಿಮೆ. 2009ರಲ್ಲಿ ಒಸಾಕಾ ಪಕ್ಕದ ಸಕಾಯ್‌ನಲ್ಲಿ ಶಾರ್ಪ್ ಶುರುಮಾಡಿದ ಕಾರ್ಖಾನೆಯ ಗಾಜಿನ ಹಾಳೆ ಸುಮಾರು 2.9 ಮೀಟರ್ ಅಗಲ, 3.1 ಮೀಟರ್ ಉದ್ದ. ಒಂದರಲ್ಲಿ 60 ಇಂಚಿನ ಎಂಟು ಪರದೆ. ಆದರೆ ಇಂಥ ಕಾರ್ಖಾನೆ ದೊಡ್ಡ ಕಲ್ಯಾಣ ಮಂಟಪದ ಹಾಗೆ. ಮದುವೆ ಇರಲಿ, ಬಿಡಲಿ, ಕಟ್ಟಿದ ಸಾಲದ ಕಂತು ನಿಲ್ಲುವುದಿಲ್ಲ. ಓಡಿಸಿದರೆ ಬೆಲೆ ಬೀಳುತ್ತದೆ, ನಿಲ್ಲಿಸಿದರೆ ನಷ್ಟ.

ಕಾಲವೂ ಕೆಟ್ಟಿತ್ತು. 2008ರ ಹಣಕಾಸು ಕುಸಿತದ ಬೆನ್ನಿಗೇ ಸಕಾಯ್ ಕಾರ್ಖಾನೆ ಶುರುವಾಯಿತು. 2011ರಲ್ಲಿ ಒಂದು ಡಾಲರಿಗೆ ಸುಮಾರು 75 ಯೆನ್ ಆಗಿ, ಜಪಾನಿನ ಸಾಮಾನು ಹೊರಗೆ ದುಬಾರಿಯಾಯಿತು. ಅದೇ ಜುಲೈನಲ್ಲಿ ಜಪಾನಿನ ಬಹುಪಾಲು ಕಡೆ ಹಳೆಯ ಅನಲಾಗ್ ಪ್ರಸಾರ ನಿಂತಿತು. ಹೊಸ ಟಿವಿ ಬೇಕಾದವರೆಲ್ಲ ಅಷ್ಟರಲ್ಲಿ ಕೊಂಡು ಮುಗಿಸಿದ್ದರು. 2012ರ ಮಾರ್ಚಿಗೆ ಕೊನೆಯಾದ ವರ್ಷ ಸುಮಾರು 37,600 ಕೋಟಿ ಯೆನ್ ನಷ್ಟ. ಮುಂದಿನ ವರ್ಷ 54,500 ಕೋಟಿ. ಕಂಪನಿಗೆ ನೂರು ತುಂಬಿದ್ದು ಈ ಎರಡು ನಷ್ಟಗಳ ನಡುವೆ.

2016ರಲ್ಲಿ ತೈವಾನಿನ ಫಾಕ್ಸ್‌ಕಾನ್ 38,880 ಕೋಟಿ ಯೆನ್‌ಗೆ ಶಾರ್ಪ್‌ನ 66 ಶೇಕಡಾ ಪಾಲು ಕೊಂಡಿತು. ಹೆಸರು ಮಾತ್ರ ಹಾಗೇ ಇಟ್ಟರು. ತನಾಬೆ ಬಳಿಯ ಹಳೆಯ ಮುಖ್ಯ ಕಚೇರಿ ಮಾರಾಟವಾಗಿ, ಕಚೇರಿ ಸಕಾಯ್‌ಗೆ ಹೋಯಿತು. 2024ರ ಆಗಸ್ಟಿನಲ್ಲಿ ಸಕಾಯ್ ಕಾರ್ಖಾನೆ ಟಿವಿ ಪರದೆ ಮಾಡುವುದನ್ನು ನಿಲ್ಲಿಸಿತು. ಅಷ್ಟು ದೊಡ್ಡ ಗಾಜಿನ ಹಾಳೆ ಹೊರುತ್ತಿದ್ದ ಕಟ್ಟಡಗಳಲ್ಲಿ ಗಟ್ಟಿ ನೆಲ, ಬೇಕಾದಷ್ಟು ಕರೆಂಟು, ತಣ್ಣಗಿಡುವ ವ್ಯವಸ್ಥೆ ಎಲ್ಲ ಇತ್ತು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರಿಗೆ ಬೇಕಾದದ್ದೂ ಅದೇ. ಜಪಾನಿನ ಫೋನ್ ಕಂಪನಿಗಳು ಬಂದು ಆ ಜಾಗ ಹಿಡಿದವು.